ಹಠವೋ ನವೆಯೋ: ಒಂದು ವೆಸ್ಟಿ ನಾಯಿಯ ಪ್ರಕರಣ

ಮೂರು ವರ್ಷ ನಾಲ್ಕು ತಿಂಗಳ ಗಂಡು ನಾಯಿ, ಬೀಜ ತೆಗೆಸಿದ್ದು. ತಳಿ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್, ಸಾಕುವವರ ಬಾಯಲ್ಲಿ ವೆಸ್ಟಿ. ತೂಕ 10.2 ಕೆ.ಜಿ. ಮನೆಯವರ ದೂರು ಎರಡು: ಸದಾ ಕೆರೆದುಕೊಳ್ಳುತ್ತದೆ, ಕಾಲು ಒರೆಸಲು ಹೋದರೆ ಗುರ್ ಎಂದು ಕಚ್ಚಲು ಬರುತ್ತದೆ. ಮೊದಲನೆಯದು ಕಾಯಿಲೆ, ಎರಡನೆಯದು ಜಾತಿಬುದ್ಧಿ ಎಂದು ಅವರು ಆಗಲೇ ತೀರ್ಮಾನ ಮಾಡಿಕೊಂಡಿದ್ದರು. "ಟೆರಿಯರ್ ಅಲ್ವಾ, ಹಠ ಇದ್ದೇ ಇರುತ್ತೆ" ಎನ್ನುವ ಮಾತು ಮೊದಲ ಭೇಟಿಯಲ್ಲೇ ಮೂರು ಸಲ ಬಂತು. ಪಂಜ ನೆಕ್ಕುವುದು "ಅಭ್ಯಾಸ", ಹಾಸಿಗೆ ಕೆದರುವುದು "ತುಂಟತನ", ಕಾಲು ಕೊಡದಿರುವುದು "ಹಠ". ಈ ಮೂರರಲ್ಲಿ ಒಂದು ಮಾತ್ರ ಸ್ವಭಾವ. ಉಳಿದೆರಡು ರೋಗ. ಯಾವುದು ಯಾವುದೆಂದು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು.

ತಳಿಯ ಬಗ್ಗೆ ಬೇಕಾದಷ್ಟು

ವೆಸ್ಟಿ ಸ್ಕಾಟ್ಲೆಂಡಿನ ಪಶ್ಚಿಮ ಬೆಟ್ಟಸೀಮೆಯ ನಾಯಿ. ಆರ್ಗೈಲ್ ಪ್ರಾಂತ್ಯದ ಪೊಲ್ಟಾಲಕ್ ಎಂಬಲ್ಲಿ ಕರ್ನಲ್ ಎಡ್ವರ್ಡ್ ಡೊನಾಲ್ಡ್ ಮಾಲ್ಕಮ್ ಬಿಳಿ ಮರಿಗಳನ್ನೇ ಆರಿಸಿ ಬೆಳೆಸಿದರು. ಕೆಂಪು ಬಣ್ಣದ ನಾಯಿಯೊಂದನ್ನು ನರಿಯೆಂದು ಭ್ರಮಿಸಿ ಗುಂಡು ಹಾರಿಸಿಬಿಟ್ಟ ಮೇಲೆ ಅವರು ಬಿಳಿಗೆ ಒಲಿದರೆಂಬ ಕಥೆಯಿದೆ. ಅದನ್ನು ಕಥೆಯೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ ಇದು 1908ರಲ್ಲಿ ರೋಸ್‌ನೀತ್ ಟೆರಿಯರ್ ಎಂದು ದಾಖಲಾಗಿ, ಮರುವರ್ಷ ಈಗಿನ ಹೆಸರು ಪಡೆಯಿತು. ಭುಜದ ಎತ್ತರ ಸುಮಾರು 28 ಸೆಂ.ಮೀ., ಮೈಕಟ್ಟಾಗಿರುವ ನಾಯಿಯ ತೂಕ ಸಾಮಾನ್ಯವಾಗಿ 7ರಿಂದ 9 ಕೆ.ಜಿ. ಬಾಲ ಗಜ್ಜರಿಯ ಆಕಾರದ್ದು, ಬುಡ ದಪ್ಪ, ತುದಿ ಚೂಪು, ಅದನ್ನು ಕತ್ತರಿಸುವುದಿಲ್ಲ.

ಟೆರಿಯರ್ ಎಂಬ ಹೆಸರಿನ ಮೂಲ ಮಣ್ಣು ಎಂಬರ್ಥದ ಪದ. ನರಿ, ಬ್ಯಾಜರ್‌ಗಳ ಬಿಲಕ್ಕೆ ಒಂಟಿಯಾಗಿ ನುಗ್ಗಿ, ಮೇಲಿರುವ ಮನುಷ್ಯನ ಅಪ್ಪಣೆ ಕೇಳಿಸದ ಕತ್ತಲೆಯಲ್ಲಿ ತಾನೇ ತೀರ್ಮಾನ ಮಾಡಬೇಕಾದ ಕೆಲಸ ಅದರದ್ದು. ಅಗೆಯುವುದು, ಬೊಗಳುವುದು, ಕಂಡ ಇಲಿಯ ಹಿಂದೆ ಹಗ್ಗ ಕಿತ್ತು ಓಡುವುದು, ಕರೆದಾಗ ಒಂದು ಗಳಿಗೆ ಯೋಚಿಸಿ ಬರುವುದು, ಇವೆಲ್ಲ ಆ ಕೆಲಸದ ಬಳುವಳಿ. ಇದಕ್ಕೆ ಅಂಟಿಕೊಂಡೇ ಇನ್ನೊಂದು ಗುಣವಿದೆ, ಈ ಪ್ರಕರಣಕ್ಕೆ ಅದೇ ಮುಖ್ಯ: ನೋವನ್ನು ನುಂಗಿಕೊಳ್ಳುವುದು. ಬಿಲದೊಳಗೆ ಕಚ್ಚಿಸಿಕೊಂಡರೂ ಹಿಂದೆ ಸರಿಯದ ನಾಯಿ ಮನೆಯಲ್ಲಿ ಕುಂಯ್ ಎನ್ನುವುದಿಲ್ಲ. ನೋವಿರುವ ಕಾಲನ್ನು ಹಿಡಿದಾಗ ಮಾತ್ರ ಹಲ್ಲು ತೋರಿಸುತ್ತದೆ.

ಕೂದಲು ಎರಡು ಪದರ. ಹೊರಗಿನದು ಒರಟು, ನೇರ, ಸುಮಾರು 5 ಸೆಂ.ಮೀ. ಉದ್ದ, ಒಳಗಿನದು ಗಿಡ್ಡ, ಮೆತ್ತಗೆ, ದಟ್ಟ. ಬಿಳಿ ಕೂದಲಿಗೆ ಒಂದು ಉಪಕಾರವಿದೆ. ಜೊಲ್ಲಿನಲ್ಲಿರುವ ಪಾರ್ಫೈರಿನ್ ಎಂಬ ವರ್ಣದ್ರವ್ಯ ಬಿಳಿ ಕೂದಲನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸುತ್ತದೆ. ಹಾಗಾಗಿ ನಾಯಿ ಎಲ್ಲೆಲ್ಲಿ ನೆಕ್ಕಿಕೊಳ್ಳುತ್ತದೆ ಎಂದು ಮನೆಯವರನ್ನು ಕೇಳಬೇಕಿಲ್ಲ, ಮೈಮೇಲೆಯೇ ಬರೆದಿರುತ್ತದೆ.

ಮೊದಲ ದಿನದ ನೋಟ

ನಾಲ್ಕೂ ಪಂಜಗಳ ಬೆರಳ ಸಂದುಗಳು, ಮುಂಗಾಲಿನ ಮಣಿಕಟ್ಟಿನ ಮುಂಭಾಗ, ತೊಡೆಸಂದು, ಮೂತಿಯ ಎರಡು ಬದಿ ಕಂದುಗೆಂಪು. ಬೆನ್ನಿನ ಮೇಲೆ, ಬಾಲದ ಬುಡದಲ್ಲಿ ಕೂದಲು ಅಚ್ಚಬಿಳಿ. ಈ ಹಂಚಿಕೆಯೇ ಅರ್ಧ ಉತ್ತರ. ಚಿಗಟದ ಅಲರ್ಜಿಯಾಗಿದ್ದರೆ ಸೊಂಟ, ಬಾಲದ ಬುಡ ಮೊದಲು ಕೆಡುತ್ತಿತ್ತು. ಪಂಜ, ಕಿವಿಯ ಒಳಮೈ, ಕಂಕುಳು, ಹೊಟ್ಟೆ ಕೆಟ್ಟು ಬೆನ್ನು ಚೆನ್ನಾಗಿದ್ದರೆ ಯೋಚನೆ ಅಟೊಪಿಕ್ ಡರ್ಮಟೈಟಿಸ್ ಕಡೆಗೆ ಹೋಗುತ್ತದೆ. ಅಂದರೆ ಧೂಳಿನ ನುಸಿ, ಪರಾಗ, ಕೆಲವೊಮ್ಮೆ ಆಹಾರ, ಇವುಗಳಿಗೆ ಚರ್ಮ ಅತಿಯಾಗಿ ಪ್ರತಿಕ್ರಿಯಿಸುವ ಜನ್ಮಜಾತ ಒಲವು. ವೆಸ್ಟಿಗಳಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆ ಎತ್ತುತ್ತದೆ. ಈ ನಾಯಿಯಲ್ಲಿ ಹನ್ನೊಂದನೇ ತಿಂಗಳಿಗೆ ಶುರುವಾಗಿತ್ತು.

ಬೆರಳ ಸಂದು ಬಿಡಿಸಿದರೆ ಜಿಡ್ಡು, ಮುಗ್ಗಲು ವಾಸನೆ, ಉಗುರಿನ ಬುಡದಲ್ಲಿ ಕಂದು ಪಟ್ಟೆ. ಕಂಕುಳಿನ ಚರ್ಮ ದಪ್ಪಗಾಗಿ, ಬೂದುಗಪ್ಪಾಗಿ, ನೆರಿಗೆ ಬಿದ್ದಿತ್ತು. ಹೊಟ್ಟೆಯ ಮೇಲೆ ಸಣ್ಣ ಕೀವುಗುಳ್ಳೆಗಳು, ಅವು ಒಡೆದು ಉಳಿಸಿದ ಹೊಟ್ಟಿನ ಉಂಗುರಗಳು. ಕಿವಿಯ ಒಳಗೋಡೆ ಊದಿತ್ತು, ತಮಟೆ ಮಾತ್ರ ಎರಡೂ ಕಡೆ ಸರಿಯಾಗಿತ್ತು. ತಮಟೆ ತೂತಾಗಿದ್ದರೆ ಕಿವಿಗೆ ಹಾಕಬಹುದಾದ ಔಷಧಿಗಳ ಪಟ್ಟಿಯೇ ಬದಲಾಗುವುದರಿಂದ ಇದನ್ನು ನೋಡದೆ ಒಂದು ಹನಿಯನ್ನೂ ಬಿಡಬಾರದು. ಕಣ್ಣಲ್ಲಿ ಪಿಸುರಿತ್ತು. ವೆಸ್ಟಿಗಳಿಗೆ ಕಣ್ಣೀರು ಬತ್ತುವ ಕಾಯಿಲೆಯೂ ಉಂಟು. ಪಿಸುರನ್ನು ಅಲರ್ಜಿಯ ಲೆಕ್ಕಕ್ಕೆ ಹಾಕುವ ಮೊದಲು ಕಾಗದದ ಪಟ್ಟಿಯಿಟ್ಟು ಒಂದು ನಿಮಿಷ ಅಳೆಯಬೇಕು. 16 ಮತ್ತು 18 ಮಿ.ಮೀ. ಬಂತು. 15ರ ಮೇಲಿದ್ದರೆ ಚಿಂತೆಯಿಲ್ಲ.

ನವೆಯನ್ನು ಅಂಕಿಯಲ್ಲಿ ಹಿಡಿಯದೆ ಇಂಥ ಪ್ರಕರಣ ನಡೆಸಲಾಗದು. "ಸ್ವಲ್ಪ ಪರವಾಗಿಲ್ಲ" ಎಂಬ ಮಾತಿಗೆ ಮನೆಯ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ. ಬಳಸಿದ್ದು 0ರಿಂದ 10ರ ಅಳತೆಪಟ್ಟಿ: 2 ಎಂದರೆ ಆಗೊಮ್ಮೆ ಈಗೊಮ್ಮೆ ಕೆರೆತ, 6 ಎಂದರೆ ರಾತ್ರಿ ನಿದ್ದೆಯಿಂದಲೂ ಎದ್ದು ಕೆರೆತ, 8 ಎಂದರೆ ಊಟ ಆಟ ಬಿಟ್ಟು ಕೆರೆತ, 10 ಎಂದರೆ ಬಿಡುವೇ ಇಲ್ಲ. ಪಂಜ ನೆಕ್ಕುವುದು, ಕಾರ್ಪೆಟ್ಟಿಗೆ ಮುಖ ಉಜ್ಜುವುದು, ಕುಂಡೆ ಎಳೆಯುವುದೂ ನವೆಯೇ ಎಂದು ಹೇಳಿಕೊಟ್ಟ ಮೇಲೆ ಮನೆಯವರ ಅಂಕ 5ರಿಂದ 8ಕ್ಕೆ ಏರಿತು. ಒಬ್ಬರೇ, ವಾರಕ್ಕೊಮ್ಮೆ, ಭಾನುವಾರ ರಾತ್ರಿ ಅಂಕ ಬರೆಯುವುದೆಂದು ಗೊತ್ತುಮಾಡಲಾಯಿತು.

ಅಷ್ಟರಲ್ಲಿ ಆಗಿಹೋಗಿದ್ದೇನು

ಎಂಟು ತಿಂಗಳಲ್ಲಿ ಮೂರು ಸಲ ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್ ಇಂಜೆಕ್ಷನ್, ಕೊನೆಯದು ಐದು ವಾರದ ಹಿಂದೆ. ಮೊದಲನೆಯದು ಆರು ವಾರ ಹಿಡಿಯಿತು, ಎರಡನೆಯದು ಮೂರು, ಮೂರನೆಯದು ಹತ್ತು ದಿನ. ಔಷಧಿಗೆ ನಾಯಿ ಒಗ್ಗಿಹೋಯಿತು ಎಂದು ಮನೆಯವರು ತಿಳಿದಿದ್ದರು. ಆಗಿದ್ದು ಬೇರೆ: ಅಲರ್ಜಿಯ ಮೇಲೆ ಸೋಂಕು ಕುಳಿತಿತ್ತು, ಸೋಂಕಿನ ನವೆ ಸ್ಟಿರಾಯ್ಡಿಗೆ ಬಗ್ಗುವುದಿಲ್ಲ. ಇಂಜೆಕ್ಷನ್ ತಂದ ಹಸಿವಿನಲ್ಲಿ ತೂಕ ಮಾತ್ರ ಏರಿತ್ತು. ಆಹಾರ ನಾಲ್ಕು ಬಗೆ ಬದಲಾಗಿತ್ತು, ಯಾವುದೂ ಮೂರು ವಾರ ದಾಟಿಲ್ಲ. ನಾಲ್ಕರ ಚೀಲದ ಮೇಲೂ ಬೇರೆಬೇರೆ ಹೆಸರು, ಒಳಗೆ ನಾಲ್ಕರಲ್ಲೂ ಕೋಳಿ. ಧಾನ್ಯವಿಲ್ಲದ ಆಹಾರವೊಂದನ್ನು ದೊಡ್ಡ ಭರವಸೆಯಿಂದ ತಂದಿದ್ದರು. ನಾಯಿಗಳ ಆಹಾರ ಅಲರ್ಜಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಆಮೇಲೆ.

ಸ್ನಾನ ವಾರಕ್ಕೊಮ್ಮೆ, ಮನುಷ್ಯರ ಶಾಂಪೂ, ಒರೆಸುವುದು ಟವೆಲಿನಲ್ಲಿ ಅರೆಬರೆ. ಮೈಕೂದಲನ್ನು ಮಷೀನಿನಲ್ಲಿ ಆರು ತಿಂಗಳಿಗೊಮ್ಮೆ ಇಳಿಸುತ್ತಿದ್ದರು.

ಗಾಜಿನ ಪಟ್ಟಿ ಹೇಳಿದ್ದು

ಪಾರದರ್ಶಕ ಟೇಪಿನ ತುಂಡನ್ನು ಬೆರಳ ಸಂದಿಗೆ ಐದಾರು ಸಲ ಒತ್ತಿ ಎತ್ತಿ, ಬಣ್ಣ ಹಾಕಿ, ಎಣ್ಣೆ ಲೆನ್ಸಿನಲ್ಲಿ 1000 ಪಟ್ಟು ಹಿಗ್ಗಿಸಿ ನೋಡುವುದು ಹತ್ತು ನಿಮಿಷದ ಕೆಲಸ. ಕಂಡದ್ದು ಕಡಲೆಕಾಯಿ ಆಕಾರದ, ಸೊಂಟ ಹಿಡಿದಂತಿರುವ ನೇರಳೆ ಕೋಶಗಳು: ಮಲಸೀಜಿಯಾ ಯೀಸ್ಟ್. ಪಂಜದಲ್ಲಿ ಒಂದು ದೃಷ್ಟಿಕ್ಷೇತ್ರಕ್ಕೆ ಹತ್ತಕ್ಕೂ ಹೆಚ್ಚು, ಕಿವಿಯಲ್ಲಿ ಅದಕ್ಕಿಂತಲೂ ಜಾಸ್ತಿ. ಹೊಟ್ಟೆಯ ಗುಳ್ಳೆಯಲ್ಲಿ ದುಂಡು ಬ್ಯಾಕ್ಟೀರಿಯಾ, ಅವನ್ನು ನುಂಗುತ್ತಿದ್ದ ಬಿಳಿ ರಕ್ತಕಣಗಳು. ಯೀಸ್ಟ್ ಆರೋಗ್ಯವಂತ ನಾಯಿಯ ಚರ್ಮದಲ್ಲೂ ಇರುತ್ತದೆ. ಅಲರ್ಜಿಯಿಂದ ಚರ್ಮ ಬಿಸಿಯಾಗಿ ಜಿಡ್ಡುಗಟ್ಟಿದಾಗ, ನೆಕ್ಕಿ ನೆಕ್ಕಿ ಒದ್ದೆಯಾದಾಗ ಅದು ಹಿಗ್ಗುತ್ತದೆ. ಹಿಗ್ಗಿದ ಯೀಸ್ಟಿನಿಂದ ಇನ್ನಷ್ಟು ನವೆ, ಅದರಿಂದ ಇನ್ನಷ್ಟು ನೆಕ್ಕಾಟ. ವೆಸ್ಟಿಯ ಚರ್ಮದಲ್ಲಿ ಈ ಸುತ್ತು ಬೇಗ ಹಿಡಿಯುತ್ತದೆ.

ಐದು ಕಡೆ ಚರ್ಮವನ್ನು ಹಿಂಡಿ, ರಕ್ತ ಜಿನುಗುವವರೆಗೆ ಕೆರೆದು ನೋಡಿದರೂ ನುಸಿ ಸಿಗಲಿಲ್ಲ. ಡೆಮೊಡೆಕ್ಸ್ ನುಸಿ ಇದ್ದಿದ್ದರೆ ಇಷ್ಟು ಕಡೆ ಕೆರೆದಾಗ ಸಾಮಾನ್ಯವಾಗಿ ಸಿಕ್ಕಿಬೀಳುತ್ತಿತ್ತು. ಕಜ್ಜಿಯ ಸಾರ್ಕಾಪ್ಟಿಸ್ ನುಸಿ ಹಾಗಲ್ಲ, ಇದ್ದರೂ ಬಹಳ ಸಲ ಸಿಗುವುದಿಲ್ಲ. ಅದಕ್ಕೇ ಕೆರೆದಿದ್ದು ಖಾಲಿ ಬಂದರೂ ಐಸೊಕ್ಸಜೋಲಿನ್ ಗುಂಪಿನ ಮಾತ್ರೆ ಶುರು ಮಾಡಲಾಯಿತು. ಚಿಗಟ, ಉಣ್ಣೆ, ಎರಡು ಬಗೆಯ ನುಸಿ ಎಲ್ಲವೂ ಒಂದೇ ಏಟಿಗೆ ಲೆಕ್ಕದಿಂದ ಹೊರಗೆ. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಮಾತ್ರೆಯನ್ನು ಕಣ್ಣು ಮುಚ್ಚಿ ಕೊಡಬಾರದು. ಇದಕ್ಕೆ ಅಂಥದ್ದೇನೂ ಇರಲಿಲ್ಲ.

ಮೊದಲ ಮೂರು ವಾರ: ಸೋಂಕು ಇಳಿಸುವುದು

ನವೆ ತಗ್ಗಿಸುವ ಔಷಧಿಯನ್ನು ಬೇಕೆಂದೇ ತಡೆಹಿಡಿಯಲಾಯಿತು. ನಾಯಿಗೆ ಇದು ಸುಖವಲ್ಲ, ಮನೆಯವರಿಗೂ ಅಲ್ಲ. ಆದರೆ ಎಂಟು ಅಂಕದ ನವೆಯಲ್ಲಿ ಸೋಂಕಿನ ಪಾಲೆಷ್ಟು, ಅಲರ್ಜಿಯ ಪಾಲೆಷ್ಟು ಎಂದು ಬೇರ್ಪಡಿಸಲು ಬೇರೆ ದಾರಿಯಿಲ್ಲ.

ರಕ್ತದಲ್ಲಿ ಯಕೃತ್ತಿನ ಅಂಶಗಳನ್ನು ನೋಡಿ, ಸರಿಯಿದ್ದ ಮೇಲೆ ಯೀಸ್ಟ್ ಕೊಲ್ಲುವ ಇಟ್ರಾಕೊನಜೋಲ್ ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ 50 ಮಿ.ಗ್ರಾಂ., ವಾರಕ್ಕೆ ಸತತ ಎರಡು ದಿನ, ಮೂರು ವಾರ. ಕಿವಿಗೆ ಬೇರೆ ಹನಿ. ಉಳಿದ ಭಾರವೆಲ್ಲ ಶಾಂಪೂವಿನದು: 2% ಕ್ಲೋರ್‌ಹೆಕ್ಸಿಡಿನ್ ಮತ್ತು 2% ಮೈಕೊನಜೋಲ್ ಇರುವುದು, ವಾರಕ್ಕೆ ಎರಡು ಸಲ. ಹೊಟ್ಟೆಯ ಗುಳ್ಳೆಗಳು ಮೇಲ್ಮೈಯವೇ ಆದ್ದರಿಂದ ಆ್ಯಂಟಿಬಯಾಟಿಕ್ ಮಾತ್ರೆ ಕೊಡಲಿಲ್ಲ, ಕ್ಲೋರ್‌ಹೆಕ್ಸಿಡಿನ್ ಸಾಕಾಯಿತು.

ಶಾಂಪೂ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಗಡಿಯಾರ. ಔಷಧಿ ಚರ್ಮಕ್ಕೆ ತಾಗಿ ಹತ್ತು ನಿಮಿಷ ನಿಲ್ಲಬೇಕು. ವೆಸ್ಟಿಯ ಒಳಗೂದಲು ನೀರನ್ನೇ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮೇಲೆ ನೊರೆ ಎದ್ದರೆ ಚರ್ಮ ಒದ್ದೆಯಾಯಿತು ಎಂದು ಅರ್ಥವಲ್ಲ. ಹಾಗಾಗಿ ಮೊದಲು ಉಗುರುಬೆಚ್ಚಗಿನ ನೀರನ್ನು ಕೂದಲಿನ ಎದುರು ದಿಕ್ಕಿಗೆ ಬಿಡುತ್ತ ಐದು ನಿಮಿಷ ನೆನೆಸುವುದು. ಬೆರಳ ತುದಿಗೆ ಚರ್ಮ ಜಾರುವುದು ಗೊತ್ತಾಗಬೇಕು. ಶಾಂಪೂ ಹಚ್ಚುವಾಗ ಬೆನ್ನಿನಿಂದ ಶುರುಮಾಡುವುದು ಎಲ್ಲರ ರೂಢಿ, ಇಲ್ಲಿ ಅದು ತಿರುಗುಮುರುಗು: ಮೊದಲು ನಾಲ್ಕು ಪಂಜ, ಬೆರಳ ಸಂದಿಗೆ ಬೆರಳು ತೂರಿಸಿ, ಆಮೇಲೆ ಕಂಕುಳು, ತೊಡೆಸಂದು, ಹೊಟ್ಟೆ, ಕತ್ತಿನ ಕೆಳಗಿನ ಮಡಿಕೆ, ಬೆನ್ನು ಕೊನೆಗೆ. ಹೆಚ್ಚು ಕೆಟ್ಟ ಜಾಗಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಗಡಿಯಾರ ಒತ್ತುವುದು ಕೊನೆಯ ಜಾಗಕ್ಕೆ ಹಚ್ಚಿದ ಮೇಲೆ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಯ ಮೇಲ್ಪೊರೆ ಸುಡುತ್ತದೆ, ಆದ್ದರಿಂದ ಮುಖಕ್ಕೆ ಶಾಂಪೂ ಬೇಡ; ಮೂತಿಯನ್ನು ಅದೇ ಔಷಧಿಯ ಒದ್ದೆ ಬಟ್ಟೆಯಿಂದ, ಕಣ್ಣಿನಿಂದ ಎರಡು ಬೆರಳು ದೂರದಲ್ಲಿ ಒರೆಸಿದರೆ ಸಾಕು. ತೊಳೆಯುವುದಕ್ಕೆ ಮತ್ತೆ ಐದು ನಿಮಿಷಕ್ಕೂ ಹೆಚ್ಚು. ಕೊನೆಗೆ ಟವೆಲಿನಿಂದ ಒತ್ತುವುದು, ಉಜ್ಜುವುದಲ್ಲ. ಪಂಜಗಳಿಗೆ ತಣ್ಣನೆ ಗಾಳಿಯ ಡ್ರೈಯರ್. ಬೆರಳ ಸಂದು ಒದ್ದೆ ಉಳಿದರೆ ಯೀಸ್ಟಿಗೆ ಮತ್ತೆ ಮನೆ ಕಟ್ಟಿಕೊಟ್ಟಂತೆ.

ಹತ್ತು ನಿಮಿಷ ಟೆರಿಯರ್ ಒಂದೆಡೆ ನಿಲ್ಲುವುದೆಂತು? ದಿನದ ಊಟದ ಕಾಳುಗಳನ್ನೇ ನೀರಲ್ಲಿ ನೆನೆಸಿ, ಹಿಟ್ಟಿನಂತೆ ಕಿವುಚಿ, ಮೂತಿಯ ಎತ್ತರಕ್ಕೆ ಸ್ನಾನದ ಮನೆಯ ಗೋಡೆಗೆ ತೆಳ್ಳಗೆ ಬಳಿಯುವುದು. ನೆಕ್ಕಿ ಮುಗಿಸಲು ಏಳೆಂಟು ನಿಮಿಷ ಬೇಕು. ಉಳಿದ ಎರಡು ನಿಮಿಷ ಅದು ಗೋಡೆಯನ್ನು ಪರಿಶೀಲಿಸುತ್ತದೆ.

ಕೂದಲಿನ ಬಗ್ಗೆ ಒಂದು ತೀರ್ಮಾನ ಆಗಬೇಕಿತ್ತು. ಒರಟು ಕೂದಲಿನ ಟೆರಿಯರ್‌ಗೆ ಸರಿಯಾದ ಆರೈಕೆ ಕೈಯಿಂದ ಕೀಳುವುದು. ಮಾಗಿದ ಸತ್ತ ಹೊರಗೂದಲನ್ನು ಒಂದು ಚಿಟಿಕೆಯಷ್ಟು ಹಿಡಿದು, ಚರ್ಮವನ್ನು ಇನ್ನೊಂದು ಕೈಯಲ್ಲಿ ಬಿಗಿಮಾಡಿ, ಬೆಳೆಯುವ ದಿಕ್ಕಿಗೇ ಎಳೆದರೆ ನೋವಿಲ್ಲದೆ ಬರುತ್ತದೆ, ಆ ಜಾಗದಲ್ಲಿ ಮತ್ತೆ ಒರಟು ಕೂದಲೇ ಬೆಳೆಯುತ್ತದೆ. ಮಷೀನು ಹಾಕಿದರೆ ಸತ್ತ ಕೂದಲಿನ ಬುಡ ಒಳಗೇ ಉಳಿಯುತ್ತದೆ, ಸಲಸಲಕ್ಕೂ ಮೈಗೂದಲು ಮೆತ್ತಗಾಗುತ್ತ, ಗಂಟು ಕಟ್ಟುತ್ತ, ತೇವ ಹಿಡಿಯುತ್ತ ಹೋಗುತ್ತದೆ. ಇದು ಸರಿಯೇ. ಆದರೂ ಸೋಂಕು ಹಿಡಿದ ಚರ್ಮದಿಂದ ಕೂದಲು ಕೀಳುವುದು ಗಾಯಕ್ಕೆ ಉಪ್ಪು ಸವರಿದಂತೆ. ತೆರೆದ ರಂಧ್ರಗಳಿಗೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಈ ನಾಯಿಗೆ ಹೊಟ್ಟೆ, ಕಂಕುಳು, ತೊಡೆಸಂದು, ಪಂಜಗಳಲ್ಲಿ ಕೂದಲನ್ನು 3 ಮಿ.ಮೀ.ಗೆ ಮಷೀನಿನಲ್ಲಿ ಇಳಿಸಿ, ಬೆನ್ನಿನ ಮೇಲಂಗಿಯನ್ನು ಮುಟ್ಟದೆ ಬಿಡಲಾಯಿತು. ಪ್ರದರ್ಶನದ ನಾಯಿ ಸಾಕುವವರಿಗೆ ಇದು ಕಣ್ಣಿಗೆ ಚುಚ್ಚೀತು. ಚರ್ಮ ಮೊದಲು, ಅಂಗಿ ಆಮೇಲೆ.

ಮೂರನೇ ವಾರದ ಕೊನೆಗೆ ಟೇಪಿನಲ್ಲಿ ಯೀಸ್ಟ್ ಹುಡುಕಬೇಕಾಯಿತು. ವಾಸನೆ ಹೋಗಿತ್ತು. ಅಂಕ 8ರಿಂದ 5ಕ್ಕೆ ಇಳಿದಿತ್ತು. ಇನ್ನೊಂದು ಬದಲಾವಣೆಯನ್ನು ಮನೆಯವರೇ ಗಮನಿಸಿ ಹೇಳಿದರು: ಹಿಂಗಾಲು ಒರೆಸಿದಾಗ ಗುರುಗುಟ್ಟುವುದು ನಿಂತಿದೆ.

ಕಾಲು ಮುಟ್ಟಿಸಿಕೊಳ್ಳುವ ಪಾಠ

ನೋವು ಹೋದರೂ ನೋವಿನ ನೆನಪು ಮುಂಗಾಲಿನಲ್ಲಿ ಉಳಿದಿತ್ತು. ಬಲವಂತದಿಂದ ಹಿಡಿದು "ಯಜಮಾನ ಯಾರೆಂದು ತೋರಿಸಬೇಕು" ಎಂಬ ಸಲಹೆ ಅವರಿಗೆ ಎಲ್ಲಿಂದಲೋ ಬಂದಿತ್ತು. ಬಿಲದಲ್ಲಿ ಬ್ಯಾಜರಿಗೆ ಎದುರು ನಿಂತ ಜಾತಿಗೆ ಬಲವಂತ ಎಂದರೆ ಕುಸ್ತಿಗೆ ಕರೆ, ಅಷ್ಟೇ.

ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ನಿಮಿಷ. ಭುಜ ಮುಟ್ಟಿ, ಒಂದು ಕಾಳು. ಮೊಣಕೈ ಮುಟ್ಟಿ, ಒಂದು ಕಾಳು. ಕಾಳು ಬರುವುದು ಕೈ ತಾಗಿದ ಮೇಲೆ, ಮೊದಲಲ್ಲ. ಮೊದಲೇ ತೋರಿಸಿದರೆ ನಾಯಿ ಅದನ್ನು ಲಂಚವೆಂದು ಓದಿಕೊಳ್ಳುತ್ತದೆ, ಆಮೇಲೆ ಕಾಳು ಕಂಡರೇ ಅನುಮಾನ. ಮೈ ಬಿಗಿಯಾದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಂಡರೆ ಒಂದು ಮೆಟ್ಟಿಲು ಹಿಂದಕ್ಕೆ. ಎಂಟನೇ ದಿನ ಮಣಿಕಟ್ಟು, ಹದಿನೈದನೇ ದಿನ ಪಂಜ ಎತ್ತಿ ಒಂದು ಎಣಿಕೆ ಹಿಡಿಯುವುದು, ಇಪ್ಪತ್ತೆರಡನೇ ದಿನ ಒಂದು ಉಗುರಿನ ತುದಿ. ಆ ದಿನ ಒಂದೇ ಉಗುರು.

ಆಹಾರ ಪರೀಕ್ಷೆ, ಮತ್ತು ಅದು ಕೆಟ್ಟ ಬಗೆ

ಉಳಿದ ಐದು ಅಂಕ ಅಲರ್ಜಿಯದು. ಆಹಾರದ್ದೋ ಗಾಳಿಯದ್ದೋ ಎಂದು ಚರ್ಮ ನೋಡಿ ಹೇಳಲಾಗದು. ರಕ್ತ, ಜೊಲ್ಲು, ಕೂದಲಿನ ಮೇಲೆ ಆಹಾರ ಅಲರ್ಜಿ ಹೇಳುತ್ತೇವೆನ್ನುವ ಪರೀಕ್ಷೆಗಳನ್ನು ನಂಬುವಂತಿಲ್ಲ. ಇರುವುದು ಒಂದೇ: ಪ್ರೋಟೀನನ್ನು ಸಣ್ಣ ಸಣ್ಣ ತುಣುಕಾಗಿ ಒಡೆದ, ದೇಹ ಗುರುತಿಸಲಾರದ ಹೈಡ್ರೊಲೈಸ್ಡ್ ಆಹಾರವೊಂದನ್ನೇ ಎಂಟು ವಾರ ಕೊಟ್ಟು ನೋಡುವುದು. ಆಹಾರ ಅಲರ್ಜಿಯಿರುವ ನಾಯಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಎಂಟು ವಾರದೊಳಗೆ ಸುಧಾರಿಸುತ್ತವೆ. ಮೂರು ವಾರಕ್ಕೆ ಕೈಬಿಟ್ಟರೆ ಏನೂ ಪರೀಕ್ಷಿಸಿದಂತಾಗದು.

ಪ್ರಮಾಣ ಹೀಗೆ ಗೊತ್ತಾಯಿತು. ಗುರಿ ತೂಕ 8.5 ಕೆ.ಜಿ. ಎಂದಿಟ್ಟುಕೊಂಡರೆ ಸುಮ್ಮನೆ ಕುಳಿತ ದೇಹಕ್ಕೆ ಬೇಕಾದ್ದು ದಿನಕ್ಕೆ ಸುಮಾರು 350 ಕ್ಯಾಲೊರಿ. ತೂಕವನ್ನೂ ಇಳಿಸಬೇಕಿದ್ದರಿಂದ ಅಷ್ಟೇ. 100 ಗ್ರಾಂಗೆ 380 ಕ್ಯಾಲೊರಿಯ ಆಹಾರ, ಅಂದರೆ 92 ಗ್ರಾಂ, ತಕ್ಕಡಿಯಲ್ಲಿ ತೂಗಿ. ಲೋಟದಲ್ಲಿ ಅಳೆದರೆ ಕೈಯಿಂದ ಕೈಗೆ ವ್ಯತ್ಯಾಸವಾಗುತ್ತದೆ. ಪಾಠದ ಕಾಳು, ಗೋಡೆಗೆ ಬಳಿಯುವ ಹಿಟ್ಟು ಎಲ್ಲವೂ ಈ 92ರೊಳಗೇ. ನುಸಿಯ ಮಾತ್ರೆಯಲ್ಲಿ ರುಚಿಗೆಂದು ಪ್ರಾಣಿಮೂಲದ ಪ್ರೋಟೀನ್ ಸೇರಿರುವುದರಿಂದ ಅದನ್ನು ಬಿಟ್ಟು, ಕತ್ತಿನ ಹಿಂದೆ ಹನಿಸುವ ಔಷಧಿಗೆ ಬದಲಾಯಿಸಲಾಯಿತು. ಹನಿಸಿದ ಮೂರು ದಿನ ಸ್ನಾನವಿಲ್ಲ.

ನಾಲ್ಕು ವಾರ ಕಳೆಯಿತು. ಅಂಕ 5, 5, 4, 5. ಆಹಾರದ್ದಲ್ಲ ಎಂದು ಪುಟ ತಿರುಗಿಸಲು ಇಲ್ಲಿ ಆಸೆಯಾಗುತ್ತದೆ. ಅದರ ಬದಲು ಮನೆಯವರಿಗೆ ಒಂದು ಕೆಲಸ ಹೇಳಲಾಯಿತು: "ನಾಯಿಗೆ ಏನು ತಿನ್ನಿಸುತ್ತೀರಿ" ಎಂಬ ಪ್ರಶ್ನೆಗೆ ಉತ್ತರ ಬೇಡ, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅದರ ಬಾಯೊಳಗೆ ಹೋಗುವ ಪ್ರತಿಯೊಂದನ್ನೂ ಗಂಟೆಯ ಪ್ರಕಾರ ಬರೆಯಿರಿ. ರಾತ್ರಿ ಒಂಬತ್ತೂವರೆಯ ಸಾಲಿನಲ್ಲಿ ಉತ್ತರವಿತ್ತು. "ಹಲ್ಲುಜ್ಜುವುದು." ನಾಯಿಗಳಿಗೆಂದೇ ಮಾಡಿದ ಪೇಸ್ಟ್, ಕೋಳಿ ರುಚಿಯದು. ಕಡಲೆ ಗಾತ್ರ, ದಿನಾ, ನಾಲ್ಕು ವಾರ. ಸಣ್ಣ ಬಾಯಲ್ಲಿ ಒತ್ತಾಗಿ ಕೂತ ಹಲ್ಲುಗಳ ಈ ತಳಿಗೆ ಹಲ್ಲುಜ್ಜುವುದು ತೀರಾ ಅಗತ್ಯ, ಅದನ್ನು ತಪ್ಪದೆ ಮಾಡುತ್ತಿದ್ದ ಮನೆಯವರನ್ನು ಬೈಯುವಂತೆಯೂ ಇರಲಿಲ್ಲ. ಕೇಳಬೇಕಾದವರು ಮೊದಲ ದಿನವೇ ಕೇಳಿರಲಿಲ್ಲ. ಪೇಸ್ಟ್ ನಿಂತಿತು, ಬರೀ ನೀರಲ್ಲದ್ದಿದ ಬ್ರಷ್ ಮುಂದುವರಿಯಿತು.

ಅದೇ ವಾರ ಸೋಫಾ ಸರಿಸಿದಾಗ ಮೆತ್ತೆಯ ಹಿಂದೆ ಕೊರೆದ ಪೊಟರೆಯಲ್ಲಿ ಹನ್ನೊಂದು ಹಳೆಯ ಬಿಸ್ಕತ್ತು ಸಿಕ್ಕವು. ಸಿಕ್ಕಿದ್ದನ್ನು ಹೂತಿಡುವುದು ನಾಯಿಗಳ ಗುಣ, ಅದಕ್ಕೊಂದು ಬಿಲವನ್ನೇ ತೋಡಿಕೊಳ್ಳುವುದು ಟೆರಿಯರಿನದು. ಎಂಟು ವಾರದ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಈಗ ಅಂಕ 5, 4, 4, 3, 3, 3, 3, 3.

ಪರೀಕ್ಷೆ ಇಲ್ಲಿಗೆ ಮುಗಿಯುವುದಿಲ್ಲ. ಸುಧಾರಣೆ ಆಹಾರದಿಂದಲೋ, ಋತು ಬದಲಾಗಿದ್ದರಿಂದಲೋ ಎಂದು ಖಚಿತವಾಗಬೇಕಾದರೆ ಹಳೆಯ ಆಹಾರವನ್ನು ಮತ್ತೆ ಕೊಡಬೇಕು. ಮನೆಯವರು ಒಪ್ಪಲು ಹಿಂದೇಟು ಹಾಕುವುದು ಇಲ್ಲೇ. ನಾಲ್ಕನೇ ದಿನ ಅಂಕ 6, ಮಲ ಸಡಿಲ, ಕಿವಿ ಕೆಂಪು. ಮತ್ತೆ ಹೈಡ್ರೊಲೈಸ್ಡ್ ಆಹಾರ, ಎರಡು ವಾರದಲ್ಲಿ 3. ಆಮೇಲೆ ಒಂದೊಂದೇ ಪದಾರ್ಥ, ಎರಡೆರಡು ವಾರ: ದನದ ಮಾಂಸಕ್ಕೆ ಏನೂ ಆಗಲಿಲ್ಲ, ಗೋಧಿಗೂ ಇಲ್ಲ. ಕೋಳಿ ಬೇಯಿಸಿ ಕೊಟ್ಟ ಮೂರನೇ ದಿನ ಪಂಜ ನೆಕ್ಕಲು ಕೂತಿತು.

ಉಳಿದ ಮೂರು ಅಂಕ

ಕೋಳಿ ಬಿಟ್ಟರೂ 3ಕ್ಕಿಂತ ಕೆಳಗಿಳಿಯಲಿಲ್ಲ. ನಡುನಡುವೆ 5ಕ್ಕೆ ಏರುತ್ತಿತ್ತು. ಆಹಾರವೂ ಹೌದು, ಪರಿಸರವೂ ಹೌದು ಎನ್ನುವ ನಾಯಿಗಳು ಕಡಿಮೆಯೇನಿಲ್ಲ. ನವೆ ತಗ್ಗಿಸುವ ಒಕ್ಲಾಸಿಟಿನಿಬ್ ಮಾತ್ರೆ ಶುರುವಾಯಿತು: ಕೆ.ಜಿ.ಗೆ 0.4ರಿಂದ 0.6 ಮಿ.ಗ್ರಾಂ., ಎರಡು ವಾರ ದಿನಕ್ಕೆರಡು ಸಲ, ಆಮೇಲೆ ಒಂದು ಸಲ. ಆಗ ತೂಕ 9.3 ಕೆ.ಜಿ. ಇದ್ದುದರಿಂದ 5.4 ಮಿ.ಗ್ರಾಂ.ನ ಮಾತ್ರೆ. ತೂಕ 9ರ ಕೆಳಗಿಳಿದಾಗ ಅದು 3.6ಕ್ಕೆ ಬದಲಾಗಬೇಕು. ತೂಕ ಇಳಿಸುತ್ತಿರುವ ನಾಯಿಗೆ ಹಳೆಯ ಚೀಟಿಯನ್ನೇ ಮುಂದುವರಿಸುವ ತಪ್ಪು ಸುಲಭಕ್ಕೆ ಆಗುತ್ತದೆ. ಮಾತ್ರೆ ಶುರುವಾದ ಮೇಲೂ ಸ್ನಾನ ಬಿಡಲಿಲ್ಲ, ವಾರಕ್ಕೊಂದಕ್ಕೆ ಇಳಿಸಲಾಯಿತು.

ಚರ್ಮದೊಳಗೆ ಅಲರ್ಜಿಕಾರಕಗಳನ್ನು ಚುಚ್ಚಿ ನೋಡಿದಾಗ ಎದ್ದು ಕಂಡದ್ದು ಮನೆಧೂಳಿನ ನುಸಿ, ಡರ್ಮಟೊಫಗಾಯ್ಡಿಸ್ ಫರಿನೆ. ಅದರದೇ ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಚರ್ಮದಡಿ ಕೊಡುವ ಇಮ್ಯುನೊಥೆರಪಿ ಆರಂಭವಾಯಿತು. ಇದು ಎಲ್ಲ ನಾಯಿಗೂ ಹಿಡಿಯುವುದಿಲ್ಲ, ಹಿಡಿಯಿತೋ ಇಲ್ಲವೋ ಎಂದು ಹೇಳಲು ಹನ್ನೆರಡು ತಿಂಗಳು ಕಾಯಬೇಕು. ನಾಯಿಯ ಹಾಸಿಗೆಯ ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆತ.

ಅಗೆತಕ್ಕೊಂದು ಜಾಗ

ಸೋಫಾ ತೋಡುವುದು, ಹಾಸಿಗೆ ಕೆದರುವುದು ಅಂಕ 3ಕ್ಕೆ ಇಳಿದ ಮೇಲೂ ನಿಲ್ಲಲಿಲ್ಲ. ಇದೊಂದು ನಿಜಕ್ಕೂ ಸ್ವಭಾವ. ಇದನ್ನು ಗದರಿಸಿ ನಿಲ್ಲಿಸಲು ಹೊರಟರೆ ನಾಯಿ ಮನೆಯವರಿಲ್ಲದಾಗ ಅಗೆಯುವುದನ್ನು ಕಲಿಯುತ್ತದೆ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, 40 ಸೆಂ.ಮೀ. ಆಳದ ಮರಳಿನ ತೊಟ್ಟಿ. ಮೊದಲ ವಾರ ಗೊಂಬೆಯನ್ನು ಅರ್ಧ ಕಾಣುವಂತೆ ಹೂಳುವುದು, ಎರಡನೇ ವಾರ ಪೂರ್ತಿ. ಸೋಫಾ ಕೆದರಿದಾಗ ಮಾತಿಲ್ಲದೆ ಎತ್ತಿ ತೊಟ್ಟಿಗೆ. ಅಗೆದು ಮುಗಿದ ಮೇಲೆ ಪಂಜ ತೊಳೆದು ಒಣಗಿಸುವುದು ಕಡ್ಡಾಯ. ಕಾಲು ಮುಟ್ಟಿಸಿಕೊಳ್ಳುವ ಪಾಠ ಆಗಲೇ ಆಗಿರದಿದ್ದರೆ ಈ ತೊಟ್ಟಿಯೇ ಯೀಸ್ಟಿಗೆ ದಾರಿಯಾಗುತ್ತಿತ್ತು. ಬೆಳಗ್ಗೆ ಸಂಜೆ ಅರ್ಧರ್ಧ ಗಂಟೆ ನಡಿಗೆ, ಹಗ್ಗ ಕಟ್ಟಿಯೇ. ಎಷ್ಟು ಚೆನ್ನಾಗಿ ಕರೆದ ಮಾತು ಕೇಳುವ ವೆಸ್ಟಿಯಾದರೂ ಎದುರಿಗೆ ಇಲಿಯೊಂದು ಓಡಿದರೆ ಅದರ ಕಿವಿ ಮುಚ್ಚಿಹೋಗುತ್ತದೆ.

ಹದಿನಾಲ್ಕನೇ ತಿಂಗಳು

ತೂಕ 8.7 ಕೆ.ಜಿ. ಭಾನುವಾರದ ಅಂಕ ಆರು ವಾರದಿಂದ 2. ಮಾತ್ರೆ 3.6 ಮಿ.ಗ್ರಾಂ., ದಿನ ಬಿಟ್ಟು ದಿನಕ್ಕೆ ಇಳಿಸುವ ಪ್ರಯತ್ನ ನಡೆದಿದೆ. ಸ್ನಾನ ಹತ್ತು ದಿನಕ್ಕೊಮ್ಮೆ. ಇಮ್ಯುನೊಥೆರಪಿಯ ತೀರ್ಪಿಗೆ ಇನ್ನೂ ಎಂಟು ತಿಂಗಳಿದೆ. ಬೆನ್ನಿನ ಕೂದಲನ್ನು ಈ ತಿಂಗಳು ಮೊದಲ ಸಲ ಕೈಯಿಂದ ಕೀಳಲಾಯಿತು, ಒಂದೇ ದಿನಕ್ಕಲ್ಲ; ದಿನಕ್ಕೆ ಹದಿನೈದು ನಿಮಿಷದಂತೆ ಐದು ದಿನ. ಸ್ನಾನದ ಮರುದಿನ ಕೂದಲು ನುಣುಪಾಗಿ ಬೆರಳಿನಿಂದ ಜಾರುತ್ತದೆ, ಹಾಗಾಗಿ ಸ್ನಾನವಾಗಿ ನಾಲ್ಕೈದು ದಿನ ಕಳೆದ ಮೇಲೆ ಶುರು. ಕಿತ್ತ ಜಾಗ ಕೆಂಪಾಗಲಿಲ್ಲ. ಎಂಟು ವರ್ಷ ದಾಟಿದ ಮೇಲೆ ಪ್ರತಿ ಭೇಟಿಯಲ್ಲೂ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಚರಚರ ಸದ್ದಿಗೆ ಕಿವಿಗೊಡಬೇಕೆಂದು ಕಡತದ ಮೇಲ್ಭಾಗದಲ್ಲಿ ಬರೆದಿದೆ. ವಯಸ್ಸಾದ ವೆಸ್ಟಿಗಳ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಹಾಗೆ ಶುರುವಾಗುತ್ತದೆ, ಮನೆಯವರಿಗೆ ಅದು ಬರೀ ವಯಸ್ಸಿನ ದಣಿವಾಗಿ ಕಾಣುತ್ತದೆ.

ಮುಂಗಾಲಿನ ಬೆರಳ ಸಂದಿನಲ್ಲಿ ಕೂದಲು ಬಿಡಿಸಿ ನೋಡಿದರೆ ತುದಿ ಇನ್ನೂ ತುಕ್ಕಿನ ಬಣ್ಣ, ಬುಡದಿಂದ ಒಂದು ಬೆರಳಗಲ ಬಿಳಿ. ಬಲಪಂಜದಲ್ಲಿ ಆ ಬಿಳಿಯ ನಡುವೆ ಒಂದು ತೆಳು ಕಂದು ಗೆರೆ ಅಡ್ಡ ಹಾದಿದೆ. ಮನೆಯವರು ಕ್ಯಾಲೆಂಡರ್ ತಿರುವಿ ನೋಡಿದರು. ನೆಂಟರು ಬಂದು ಹೋದ ವಾರ ಅದು. ಊಟದ ಮೇಜಿನ ಕೆಳಗೆ ಯಾರೋ ಕೋಳಿ ಹಾಕಿದ್ದರು.